ಕಲಗಚ್ಚಿಗೆ ಮೊದಲ ಬಹುಮಾನ

ಅಮೆರಿಕದ ಕಾನ್ಸಾಸ್ ರಾಜ್ಯದ ಪಿಕೆಟ್ ಫೋರ್ಕ್ ಎಂಬ ಊರಿನಲ್ಲಿ ಲೋವೆಲ್ ಟಟ್ಲ್‌ನ ನಾಲಿಗೆಗೆ ಇದ್ದ ಮರ್ಯಾದೆ ಅಲ್ಲಿನ ಮೇಯರಿಗೂ ಇರಲಿಲ್ಲ. ಚರ್ಚಿನ ಸಾಮೂಹಿಕ ಊಟವಿರಲಿ, ಯಾರದೋ ಮದುವೆಯ ಕೇಕಿರಲಿ, ಮೊದಲ ಚಮಚ ಲೋವೆಲ್‌ನ ಬಾಯಿಗೇ ಬೀಳಬೇಕು. ಆತ ಚಪ್ಪರಿಸಿ, ಎದುರಿಗಿದ್ದವರನ್ನೊಮ್ಮೆ ನೋಡಿ, "ಈರುಳ್ಳಿ ಇನ್ನೊಂಚೂರು ಬಾಡಬೇಕಿತ್ತು" ಎಂದರೆ ಸಾಕು, ಅಡುಗೆ ಮಾಡಿದಾಕೆ "ಅಯ್ಯೋ, ಅದು ಹೇಗೆ ಗೊತ್ತಾಯ್ತು!" ಎಂದು ಎದೆ ಮುಟ್ಟಿಕೊಳ್ಳುತ್ತಿದ್ದಳು. ಟ್ರ್ಯಾಕ್ಟರಿನ ಬಿಡಿಭಾಗ ಮಾರುವವನಿಗೆ ದೇವರು ಇಂಥ ನಾಲಿಗೆಯನ್ನು ಯಾಕೆ ಕೊಟ್ಟ ಎಂದು ಊರಿನವರು ಬೆರಗಾಗುತ್ತಿದ್ದರು.

ದೇವರು ಕೊಟ್ಟಿರಲಿಲ್ಲ. ಮೊದಲು ಕೊಟ್ಟಿದ್ದನ್ನೂ ವಾಪಸು ತೆಗೆದುಕೊಂಡಿದ್ದ. ಎರಡು ಚಳಿಗಾಲದ ಹಿಂದೆ ಲೋವೆಲ್‌ಗೆ ಒಂದು ಕೆಟ್ಟ ನೆಗಡಿ ಬಂದಿತ್ತು. ಅದು ಹೋಗುವಾಗ ಮೂಗಿನ ವಾಸನೆಯನ್ನೂ ನಾಲಿಗೆಯ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಬಂದ್ರೂ ಬರಬಹುದು, ಬರದೇನೂ ಇರಬಹುದು" ಎಂದು ಹೇಳಿ ಕಳುಹಿಸಿದರು. ಅಂದಿನಿಂದ ಲೋವೆಲ್‌ಗೆ ಹಂದಿಮಾಂಸವೂ ಒಂದೇ, ಹಂದಿಮಾಂಸ ಕಟ್ಟಿಕೊಟ್ಟ ರಟ್ಟಿನ ಡಬ್ಬಿಯೂ ಒಂದೇ.

ಇದನ್ನು ಹೆಂಡತಿ ನೆಟ್ಟಿಗೆ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೆಟ್ಟಿ ಊರಿನ ಶಾಲೆಯ ಅಡುಗೆಮನೆಯ ಯಜಮಾನಿಯಾಗಿದ್ದವಳು. ಆ ಊರಿನ ಅರ್ಧ ಜನ ಬೆಳೆದದ್ದೇ ಅವಳ ಸೌಟಿನಿಂದ. ನೆಗಡಿ ಬಂದ ತಿಂಗಳಲ್ಲೇ ಶಾಲೆಯವರು, ಇನ್ನು ಮೇಲೆ ಊಟವನ್ನು ಲಾರಿಯಲ್ಲಿ ಪ್ಯಾಕೆಟ್ಟುಗಳಾಗಿ ತರಿಸುತ್ತೇವೆ ಎಂದು ಅಡುಗೆಮನೆಗೆ ಬೀಗ ಹಾಕಿದರು. ನೆಟ್ಟಿ ಮನೆಗೆ ಬಂದು ಸುಮ್ಮನೆ ಕುಳಿತಳು. ಒಂದು ವಾರ ಅವಳು ನಗಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಆ ವಾರದ ಕೊನೆಗೆ ಅವಳು ಮಾಡಿದ ಮಾಂಸದ ಸಾರನ್ನು ಲೋವೆಲ್ ಬಾಯಿಗಿಟ್ಟ. ಏನೂ ತಿಳಿಯಲಿಲ್ಲ. ಆದರೂ, "ನೆಟ್ಟಿ, ಇಷ್ಟು ಚೆನ್ನಾಗಿ ನೀನು ಯಾವತ್ತೂ ಮಾಡಿರಲಿಲ್ಲ" ಎಂದ. ಅವಳು ನಕ್ಕಳು. ಅಲ್ಲಿಗೆ ಮುಗಿಯಿತು. ಒಂದು ಸುಳ್ಳು ಹೇಳಿದವನಿಗೆ ದಿನಾ ಊಟದ ಹೊತ್ತಿಗೆ ಒಂದು ಹೊಸ ಸುಳ್ಳು ಬೇಕಾಗುತ್ತದೆ. ಗಂಡನ ನಾಲಿಗೆ ಎಷ್ಟು ಸೂಕ್ಷ್ಮವೆಂದು ನೆಟ್ಟಿ ಊರಿಗೆಲ್ಲ ಹೇಳಿಕೊಂಡು ಬಂದಳು. ಹೀಗೆ ಲೋವೆಲ್ ಪಂಡಿತನಾದ.

ಆ ವರ್ಷ ಅಕ್ಟೋಬರಿನಲ್ಲಿ ಪಿಕೆಟ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ರೆನ್‌ಶಾ ಕಾಲೇಜಿನ ಮೈದಾನದಲ್ಲಿ ಆಟವಿತ್ತು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. ಪಿಕೆಟ್‌ನವರ ತಂಡದ ಹೆಸರು ಹೇಸರಗತ್ತೆಗಳು, ಬಣ್ಣ ಕಿತ್ತಳೆ. ಹೇಸರಗತ್ತೆ ಎನ್ನುವುದು ಅಲ್ಲಿ ಬೈಗುಳವಲ್ಲ, ಬಿರುದು. ಎದೆಯ ಮೇಲೆ ಅಚ್ಚು ಹಾಕಿಸಿಕೊಂಡು ಓಡಾಡುತ್ತಾರೆ. ರೆನ್‌ಶಾದವರು ಕೊಕ್ಕರೆಗಳು, ಬಣ್ಣ ನೇರಳೆ. ಈ ಎರಡು ಪ್ರಾಣಿಗಳ ನಡುವೆ ಅಜ್ಜಂದಿರ ಕಾಲದಿಂದ ವೈರವಿತ್ತು. ಲೋವೆಲ್, ನೆಟ್ಟಿ ಮತ್ತು ನೆಟ್ಟಿಯ ತಮ್ಮ ಡೆಲ್ಬರ್ಟ್ ತಲೆಯಿಂದ ಕಾಲಿನವರೆಗೆ ಕಿತ್ತಳೆ ಧರಿಸಿ ಬೆಳಿಗ್ಗೆಯೇ ಹೊರಟರು. ಡೆಲ್ಬರ್ಟ್ ದನದ ಸಂತೆಯಲ್ಲಿ ಹರಾಜು ಕೂಗುವವನು. ಆತನಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ, ಬಾಯಿ ಮುಚ್ಚಿಕೊಂಡಿರುವುದಂತೂ ಇಲ್ಲವೇ ಇಲ್ಲ.

ಕಾರು ನಡೆಸುತ್ತಿದ್ದವನು ಲೋವೆಲ್. ಜನ ಹೋಗುವ ಕಡೆ ಹೋದರೆ ಜಾಗ ಸಿಕ್ಕೇ ಸಿಗುತ್ತದೆ ಎನ್ನುವುದು ಆತನ ಜೀವನದ ತತ್ವ. ಆ ತತ್ವ ಹಿಂದೊಮ್ಮೆ ಆತನನ್ನು ಗುರುತು ಪರಿಚಯವಿಲ್ಲದವರ ಶವಯಾತ್ರೆಯ ಹಿಂದೆ ಸ್ಮಶಾನದವರೆಗೂ ಕರೆದೊಯ್ದಿತ್ತು. ಈ ಸಲ ಅದು ಮುಂದಿನ ಕಾರಿನ ಬಾಲ ಹಿಡಿಸಿ, ಹೊರಗಿನಿಂದ ಬರುವ ಪಿಕೆಟ್‌ನವರಿಗೆಂದೇ ಬಿಟ್ಟಿದ್ದ ಬಯಲನ್ನು ದಾಟಿಸಿ, ನೇರಳೆ ಸಮುದ್ರದ ನಟ್ಟನಡುವೆ ತಂದು ನಿಲ್ಲಿಸಿತು.

ಸುತ್ತಲೂ ಡಿಕ್ಕಿ ಊಟ ನಡೆದಿತ್ತು. ಬೆಳಗಾಗುತ್ತಲೇ ಬಂದು, ಕಾರಿನ ಡಿಕ್ಕಿ ತೆರೆದು, ಅಲ್ಲೇ ಒಲೆ ಹೂಡಿ, ಆಟ ಶುರುವಾಗುವವರೆಗೂ ಬೇಯಿಸಿ ತಿನ್ನುವ ಸಂಭ್ರಮ ಅದು. ಎಷ್ಟೋ ಜನಕ್ಕೆ ಇದೇ ಮುಖ್ಯ, ಆಟ ಬರೀ ಕೈ ತೊಳೆಯುವ ಶಾಸ್ತ್ರ. ಮೂವರು ಕಿತ್ತಳೆಗಳು ಕಾರಿನಿಂದಿಳಿದದ್ದೇ ತಡ, ನಾಲ್ಕೂ ಕಡೆಯಿಂದ ಹರ್ಷೋದ್ಗಾರವೆದ್ದಿತು.

"ಏಯ್, ಹೇಸರಗತ್ತೆಗಳು ತಪ್ಪಿಸ್ಕೊಂಡು ಬಂದಿದಾವೆ ಕಣ್ರೋ! ಲಾಯ ಆ ಕಡೆ!"

"ಇಷ್ಟು ದೂರ ಯಾಕಪ್ಪಾ ಬಂದೆ? ಮನೇಲಿ ಟಿವಿ ಮುಂದೆ ಕೂತೇ ಸೋಲಬಹುದಿತ್ತಲ್ಲ!"

ಹೀಗೆ ಕೂಗಿದ ದಪ್ಪ ಮೀಸೆಯ ಆಸಾಮಿ ಆ ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ ರಾಯ್ಸ್ ಗ್ಯಾಂಬ್ರೆಲ್. ಕೂಗಿದವನೇ ಮಡಿಸುವ ಕುರ್ಚಿಯೊಂದನ್ನು ಬಿಡಿಸಿ ನೆಟ್ಟಿಗೆ ಹಾಕಿದ. ಲೋವೆಲ್‌ನ ಕೈಗೆ ಸುಟ್ಟ ಸಾಸೇಜ್ ಇಟ್ಟ. "ಮೊದಲು ತಿನ್ನು. ಹಸಿದ ಹೊಟ್ಟೇಲಿ ಸೋತ್ರೆ ಆ ಪಾಪ ನಮ್ಗೆ ಸುತ್ಕೊಳುತ್ತೆ" ಎಂದ. ಪಕ್ಕದ ಡಿಕ್ಕಿಯಿಂದ ಐನೆಜ್ ಪ್ರೂಯಿಟ್ ಎಂಬ ಮುದುಕಿ ಬಂದು, "ಸ್ಟೇಡಿಯಂ ಬೆಂಚು ತಣ್ಣಗಿರುತ್ತೆ ಮಗು, ನಿಮ್ಮ ಕಡೆಯೋರಿಗೆ ಗಾಳಿ ಬೀಸೋ ಮೂಲೇನೇ ಕೊಡ್ತಾರೆ" ಎಂದು ತನ್ನ ನೇರಳೆ ದಿಂಬನ್ನು ನೆಟ್ಟಿಯ ಕಂಕುಳಿಗೆ ತುರುಕಿದಳು. ಬೈಗುಳ ಒಂದು ಕೈಯಲ್ಲಿ, ಉಪಚಾರ ಇನ್ನೊಂದು ಕೈಯಲ್ಲಿ. ಸ್ವಂತ ಊರಿನವರು ಯಾರೂ ಲೋವೆಲ್‌ನ ಮನೆಯವರಿಗೆ ಇಷ್ಟು ಬೇಗ ಕುರ್ಚಿ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಕುತ್ತಿಗೆಗೆ ಸೀಟಿ ಕಟ್ಟಿಕೊಂಡ ಎತ್ತರದ ಹೆಂಗಸೊಬ್ಬಳು ಜನರನ್ನು ಸೀಳಿಕೊಂಡು ಬಂದಳು. ಡೋರಿನ್ ಸ್ಟಕಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ನಿವೃತ್ತಿಯನ್ನು ಆಕೆ ಸುತಾರಾಂ ಒಪ್ಪಿಕೊಂಡಿರಲಿಲ್ಲ.

"ದೇವರು ದೊಡ್ಡವನು! ಎದುರು ಪಕ್ಷದ ಒಂದು ತಲೆಗಾಗಿ ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ. ನಿಮ್ಮಲ್ಲಿ ಯಾರಿಗೆ ಒಳ್ಳೇ ನಾಲಿಗೆ ಇದೆ?"

ವಿಷಯವೇನೆಂದರೆ ಆ ಬಯಲಿನಲ್ಲಿ ಪ್ರತಿ ವರ್ಷ ಚಿಲಿ ಮಾಡುವ ಪಂದ್ಯ ನಡೆಯುತ್ತಿತ್ತು. ಚಿಲಿ ಎಂದರೆ ಮಾಂಸವನ್ನು ಮೆಣಸಿನಪುಡಿಯಲ್ಲಿ ಹೊತ್ತುಗಟ್ಟಲೆ ಕುದಿಸಿದ ಗಟ್ಟಿ ಸಾರು. ಅದಕ್ಕೆ ಕಾಳು ಹಾಕಬೇಕೆನ್ನುವವರದು ಒಂದು ಪಂಥ, ಹಾಕಕೂಡದೆನ್ನುವವರದು ಇನ್ನೊಂದು. ದ್ವೈತಿಗಳೂ ಅದ್ವೈತಿಗಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಾರು, ಇವರು ಕೂರುವುದಿಲ್ಲ. ಹಿಂದೆ ಊರಿನವರೇ ತೀರ್ಪು ಕೊಡುತ್ತಿದ್ದ ಕಾಲದಲ್ಲಿ ಎರಡು ನಿಶ್ಚಿತಾರ್ಥ ಮುರಿದು, ಚರ್ಚಿನ ಹಾಡುವ ಮೇಳ ಎರಡು ಹೋಳಾಗಿ, ದಪ್ಪ ದನಿಯವರೆಲ್ಲ ಒಂದು ಕಡೆಗೆ ಹೋಗಿಬಿಟ್ಟಿದ್ದರಂತೆ. ಆಮೇಲೆ ಡೋರಿನ್ ನಿಯಮ ಮಾಡಿದಳು: ತೀರ್ಪುಗಾರ ಎದುರು ತಂಡದವನೇ ಆಗಿರತಕ್ಕದ್ದು. ನಮ್ಮೆಲ್ಲರನ್ನೂ ಒಂದೇ ಸಮನಾಗಿ ದ್ವೇಷಿಸುವವನಿಗಿಂತ ನಿಷ್ಪಕ್ಷಪಾತಿ ಎಲ್ಲಿ ಸಿಕ್ಕಾನು?

ಡೆಲ್ಬರ್ಟ್ ಕುರ್ಚಿಯ ಮೇಲೆ ಹತ್ತಿ ನಿಂತ. "ಇಲ್ಲಿದೆ ನೋಡ್ರಪ್ಪಾ ನಾಲಿಗೆ! ಕಾನ್ಸಾಸ್‌ನಲ್ಲೇ ಎರಡನೇದಿಲ್ಲ! ನಮ್ಮ ಭಾವ! ಒಂದು ಹನಿ ಬಿಟ್ರೆ ಸಾಕು, ಯಾವ ಗದ್ದೆ ಈರುಳ್ಳಿ ಅಂತ ಹೇಳ್ತಾನೆ! ಯಾರಿಗೆ ಬೇಕು, ಒಂದನೇ ಸಲ!"

"ನಂಗೆ ಹೊಟ್ಟೆ ಸರಿ ಇಲ್ಲ" ಎಂದ ಲೋವೆಲ್.

"ಬೆಳಿಗ್ಗೆ ಒಂದು ಗೋಪುರ ಪ್ಯಾನ್‌ಕೇಕ್ ತಿಂದಿದಾನೆ, ಹೊಟ್ಟೆಗೇನೂ ಆಗಿಲ್ಲ" ಎಂದಳು ನೆಟ್ಟಿ. ಅವಳ ಕಣ್ಣು ಹೊಳೆಯುತ್ತಿತ್ತು. "ಹೋಗು ಲೋವೆಲ್. ನಮ್ಮೂರ ಹೆಸರು ಉಳಿಸು. ನನ್ನ ಅಡುಗೆ ತಿಂದು ತಯಾರಾದ ನಾಲಿಗೆ ಅಂತ ಹೇಳು."

ಆದರೂ ಲೋವೆಲ್ ಪೂರ್ತಿ ಧೈರ್ಯಗೆಟ್ಟಿರಲಿಲ್ಲ. ಊರಿನಲ್ಲಿ ಇಂಥವನ್ನು ಎಷ್ಟೋ ದಾಟಿದ್ದ. ಆದರೆ ಡೋರಿನ್ ಸೀಟಿ ಊದಿ, "ಅಡುಗೆಯವರೆಲ್ಲ ಬೆನ್ನು ತಿರುಗಿಸಿ! ಒಂದು ಕೆಮ್ಮು ಕೇಳಿದ್ರೂ ಪಂದ್ಯದಿಂದ ಆಚೆ!" ಎಂದಾಗ ಆತ ಕಾರಿನ ಕಡೆ ಒಂದು ಹೆಜ್ಜೆ ಹಿಂದೆ ಸರಿದ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಹಂಡೆಯಂಥ ಪಾತ್ರೆಗಳು, ಒಂದೊಂದಕ್ಕೂ ಒಂದೊಂದು ಸಂಖ್ಯೆ, ಅದರಾಚೆ ಸಾಲಾಗಿ ನೇರಳೆ ಬೆನ್ನುಗಳು. ಬರೀ ಬೆನ್ನು ನೋಡಿದರೆ ಏನು ತಿಳಿಯುತ್ತದೆ?

ಮೊದಲನೆಯದನ್ನು ಬಾಯಿಗಿಟ್ಟು, "ಇದರಲ್ಲಿ ಧೈರ್ಯ ಇದೆ" ಎಂದ. ಡೋರಿನ್ ಅದನ್ನು ಗಟ್ಟಿಯಾಗಿ ಎಲ್ಲರಿಗೂ ಸಾರಿದಳು. ಎರಡನೆಯದಕ್ಕೆ "ಗಂಭೀರವಾಗಿದೆ, ಮಾತು ಕಡಿಮೆ" ಎಂದ. ಅದು ಶವಸಂಸ್ಕಾರದ ಅಂಗಡಿಯ ಕ್ಲೈಡ್ ಮಾಡಿದ್ದು, ಆತನ ಬೆನ್ನು ಹೆಮ್ಮೆಯಿಂದ ನೆಟ್ಟಗಾಯಿತು. ಇನ್ನೊಂದಕ್ಕೆ "ಇದು ಇನ್ನೂ ಯೋಚನೆ ಮಾಡ್ತಾ ಇದೆ" ಎಂದ. ಅದು ಐನೆಜ್ ಪ್ರೂಯಿಟ್‌ಳದು. ಗಂಡ ತೀರಿಹೋದ ಮೇಲೆ ಆತನ ಪಾತ್ರೆಯಲ್ಲೇ ಪ್ರತಿ ವರ್ಷವೂ ಮಾಡಿ ತಂದು, ಪ್ರತಿ ವರ್ಷವೂ ಕೊನೆಯವಳಾಗುತ್ತಿದ್ದವಳು. ಜನ ತಲೆದೂಗಿದರು. ಇಂಥ ಆಳವಾದ ವಿಮರ್ಶೆಯನ್ನು ಆ ಬಯಲು ಕಂಡಿರಲಿಲ್ಲ.

ಹೊಗಳಿಕೆ ಏರಿದಷ್ಟೂ ಲೋವೆಲ್ ಮುಂದೆ ಸರಿದ. ಸಾಲು ಮುಗಿದದ್ದು ಗೊತ್ತಾಗಲಿಲ್ಲ. ಮೇಜಿನ ಕೊನೆಗೆ ಸಂಖ್ಯೆಯಿಲ್ಲದ ಒಂದು ದೊಡ್ಡ ಪಾತ್ರೆ ಇತ್ತು. ಕಂದು ಬಣ್ಣ, ಮೇಲೆ ಎಣ್ಣೆಯ ಕಣ್ಣುಗಳು, ಒಳಗೆ ಏನೇನೋ ತುಣುಕು. ಲೋವೆಲ್ ಸೌಟು ಅದ್ದಿ ಒಂದು ಗುಟುಕು ಕುಡಿದ. ನಾಲಿಗೆಯ ಮೇಲೆ ಜಾರುವಂತೆ ನುಣ್ಣಗಿತ್ತು. ಅಂತೂ ಒಂದಾದರೂ ಬೇರೆ ಥರ ಇದೆಯಲ್ಲ ಎಂದು ಆತನಿಗೆ ಜೀವ ಬಂದಂತಾಯಿತು.

"ಇದು!" ಎಂದ ಲೋವೆಲ್. "ಇದೇ! ಎಷ್ಟು ನುಣುಪು! ಮಾಂಸ ಇದ್ದೂ ಇಲ್ಲದ ಹಾಗೆ. ಹೊಗೆಯ ಘಮ. ಕೊನೇಲಿ, ತಾಳಿ... ನಿಂಬೆ. ಹೌದು, ನಿಂಬೆಯ ಒಂದು ಸುಳಿವು. ಉಳಿದದ್ದು ಯಾವುದೂ ಇದರ ಹತ್ತಿರಾನೂ ಬರಲ್ಲ. ಮೊದಲ ಬಹುಮಾನ ಇದಕ್ಕೇ."

ಒಲೆಯ ಮೇಲಿನ ಸಾಸೇಜುಗಳು ಮಾತ್ರ ಚುಂಯ್ ಎನ್ನುತ್ತಿದ್ದವು. ಡೋರಿನ್‌ಳ ಬಾಯಿಯಿಂದ ಸೀಟಿ ಜಾರಿತು. ಬೆನ್ನುಗಳೆಲ್ಲ ಒಮ್ಮೆಲೇ ತಿರುಗಿದವು.

"ಅದು..." ಎಂದ ಕ್ಲೈಡ್ ಸಾವಿನ ಮನೆಯ ದನಿಯಲ್ಲಿ, "ಅದು ಕಲಗಚ್ಚು. ಸೌಟು ತೊಳೆಯೋಕೆ ಇಟ್ಟಿರೋ ನೀರು."

"ನಿಂಬೆ ಅಂದ!" ಎಂದು ಯಾರೋ ಕಿರುಚಿದರು. "ಆ ಸೋಪು ನಿಂಬೇದೇ!"

ಅಲ್ಲಿಗೆ ಎಲ್ಲರಿಗೂ ಎಲ್ಲವೂ ಅರ್ಥವಾಯಿತು, ಅಂದರೆ ತಪ್ಪಾಗಿ ಅರ್ಥವಾಯಿತು. ಸೋಪಿನ ಜಾತಿಯನ್ನೇ ಕಂಡುಹಿಡಿದವನು ತಿಳಿಯದೆ ಕುಡಿದಾನೆಯೇ? ಈ ಹೇಸರಗತ್ತೆ ಬೇಕೆಂದೇ, ತಣ್ಣಗೆ, ರೆನ್‌ಶಾದ ಹೃದಯದಲ್ಲಿ ನಿಂತು, ನಿಮ್ಮ ಚಿಲಿಗಿಂತ ನಿಮ್ಮ ಕಲಗಚ್ಚೇ ವಾಸಿ ಎಂದು ಸಾರಿದ್ದಾನೆ. ಇಷ್ಟು ವರ್ಷಗಳ ವೈರದಲ್ಲಿ ಇಂಥ ಅವಮಾನವನ್ನು ಯಾರೂ ಮಾಡಿರಲಿಲ್ಲ, ಅದಕ್ಕಾಗಿ ಹೊಟ್ಟೆಗೆ ಸೋಪಿನ ನೀರು ಇಳಿಸಿದ ವೀರನಂತೂ ಹುಟ್ಟಿರಲಿಲ್ಲ. "ಕತ್ತೆಗೇನು ಗೊತ್ತೋ ಕಸ್ತೂರಿ ಪರಿಮಳ!" ಎಂದು ರಾಯ್ಸ್ ಗುಡುಗಿದ. ಡೆಲ್ಬರ್ಟ್ ಸಂತೋಷ ತಡೆಯಲಾರದೆ ಕುರ್ಚಿಯಿಂದ ಬಿದ್ದ.

ಲೋವೆಲ್ ತಿರುಗಿ ನೆಟ್ಟಿಯನ್ನು ನೋಡಿದ. ಜನರೆಲ್ಲ ಕೂಗುತ್ತಿದ್ದಾಗ ಅವಳೊಬ್ಬಳು ದಿಂಬು ಹಿಡಿದು ಸುಮ್ಮನೆ ನಿಂತಿದ್ದಳು. ಲೋಕವೆಲ್ಲ ಲೋವೆಲ್ ಟಟ್ಲ್ ಮಹಾ ಚತುರನೆಂದು ನಂಬಬಹುದು. ಮೂವತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದವಳು ನಂಬುತ್ತಾಳೆಯೇ? ಇಷ್ಟು ದೊಡ್ಡ ಕುಚೇಷ್ಟೆ ಮಾಡುವಷ್ಟು ಬುದ್ಧಿ ತನ್ನ ಗಂಡನಿಗಿಲ್ಲ ಎನ್ನುವುದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಹಾಗಾದರೆ ಉಳಿಯುವ ಕಾರಣ ಒಂದೇ. ಅದು ಅವಳ ಮುಖದ ಮೇಲೆ ಮೆಲ್ಲಗೆ ಮೂಡುತ್ತಿದ್ದುದನ್ನು ಲೋವೆಲ್ ನೋಡಿದ, ಮತ್ತು ಆತನ ಹೊಟ್ಟೆಯೊಳಗಿನ ನಿಂಬೆ ಸೋಪು ತಣ್ಣಗಾಯಿತು.

ಸುದ್ದಿ ಆತನಿಗಿಂತ ಮುಂಚೆ ಸ್ಟೇಡಿಯಂ ಸೇರಿತ್ತು. ಗಾಳಿ ಬೀಸುವ ಮೂಲೆಯಲ್ಲಿ ಕಿತ್ತಳೆಯವರೆಲ್ಲ ಎದ್ದು ನಿಂತು ಆತನಿಗೆ ದಾರಿ ಬಿಟ್ಟರು. ಹಳೆಯ ವಿದ್ಯಾರ್ಥಿಯೊಬ್ಬ ಕೈ ಕುಲುಕಿ ಕಣ್ಣೀರು ಒರೆಸಿಕೊಂಡ. "ಸಾರ್, ನನ್ನ ಹೆಂಡ್ತಿ ಬಸುರಿ. ಗಂಡಾದ್ರೂ ಹೆಣ್ಣಾದ್ರೂ ಲೋವೆಲ್ ಅಂತಲೇ ಇಡ್ತೀವಿ" ಎಂದ ಇನ್ನೊಬ್ಬ. ಪಿಕೆಟ್‌ನ ಬ್ಯಾಂಡಿನವರು ಆತನ ಗೌರವಾರ್ಥ ಒಂದು ಸಲ ಡೋಲು ಬಡಿದರು. ಹಾಫ್ ಟೈಮಿನಲ್ಲಿ ಆತನ ಮುಖ ಮನೆಯಷ್ಟು ದೊಡ್ಡದಾಗಿ ಪರದೆಯ ಮೇಲೆ ಬಂತು. ನೇರಳೆ ಜನ ಸಾವಿರಗಟ್ಟಲೆ ದನಿಯಲ್ಲಿ "ಕಲಗಚ್ಚು! ಕಲಗಚ್ಚು!" ಎಂದು ಅಬ್ಬರಿಸಿದರು. ಆ ಹೊತ್ತಿಗೇ ಲೋವೆಲ್‌ಗೆ ತೇಗು ಬಂತು, ತುಟಿಯಿಂದ ಒಂದು ಸಣ್ಣ ಗುಳ್ಳೆ ಹೊರಟು ಪರದೆಯ ಮೇಲೆ ಹಾರಿಹೋಯಿತು. ಎರಡೂ ಪಕ್ಷದವರು ಅದನ್ನು ಪ್ರತ್ಯುತ್ತರವೆಂದೇ ತಿಳಿದರು.

ಲೋವೆಲ್‌ಗೆ ಇದ್ಯಾವುದೂ ಹತ್ತಲಿಲ್ಲ. ಪಕ್ಕದಲ್ಲಿ ನೆಟ್ಟಿ ರೆಫರಿಯನ್ನು ಬೈಯುತ್ತಿರಲಿಲ್ಲ. ಯಾವ ಆಟಕ್ಕೆ ಹೋದರೂ ರೆಫರಿಯ ಕಣ್ಣು, ಕನ್ನಡಕ, ವಂಶ ಎಲ್ಲವನ್ನೂ ವಿಚಾರಿಸಿಕೊಳ್ಳುತ್ತಿದ್ದವಳು ಇವತ್ತು ನೇರ ಎದುರಿಗೆ ನೋಡುತ್ತ ಕುಳಿತಿದ್ದಳು. ಎದುರಿನವರು ಚೆಂಡು ಕೈಬಿಟ್ಟದ್ದನ್ನು ರೆಫರಿ ಕಣ್ಣೆದುರೇ ಕಾಣದೆ ಹೋದರೂ ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಹೇಸರಗತ್ತೆಗಳು ಕೊನೆಯ ಗಳಿಗೆಯಲ್ಲಿ ಕೂದಲೆಳೆಯಲ್ಲಿ ಸೋತವು. ಲೋವೆಲ್‌ಗೆ ಸ್ಕೋರು ಎಷ್ಟೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಬಯಲಿಗೆ ಮರಳಿದಾಗ ಇನ್ನೂ ಬಿಸಿಲಿತ್ತು. ಲೋವೆಲ್‌ನ ಕಾರಿನ ಸುತ್ತ ನೇರಳೆ ಗೋಡೆಯೊಂದು ಎದ್ದಿತ್ತು. ಮುಂದೆ ರಾಯ್ಸ್, ಕೈಕಟ್ಟಿಕೊಂಡು.

"ಆಟ ಗೆದ್ದಿದೀವಿ" ಎಂದ ರಾಯ್ಸ್. "ಆದ್ರೆ ಊಟ ಸೋತಿದೀವಿ. ಬಾಯಲ್ಲಿ ಇಟ್ಟ ಸಾಸೇಜ್‌ಗಾದ್ರೂ ನಿಯತ್ತು ಬೇಡ್ವೇನಯ್ಯಾ? ಕುರ್ಚಿ ಕೊಟ್ವಿ, ದಿಂಬು ಕೊಟ್ವಿ, ನೀನು ನಮ್ಮ ಹೆಂಗಸರ ಅಡುಗೆಗೆ ಉಗಿದೆ."

"ನಿನ್ನ ಅಡುಗೆಗೂ ಉಗಿದಿದಾನೆ" ಎಂದ ಕ್ಲೈಡ್.

"ನಂದು ಬಿಡು. ಐನೆಜ್ ಅಮ್ಮನ್ನ ನೋಡು."

ಐನೆಜ್ ತನ್ನ ಡಿಕ್ಕಿಯ ಹಿಂದೆ ಕುಳಿತು, ಗಂಡನ ಹಳೆಯ ಪಾತ್ರೆಯನ್ನು ಹಾಳೆಯಲ್ಲಿ ಸುತ್ತುತ್ತಿದ್ದಳು. "ಯಾರೂ ಜಗಳ ಆಡಬೇಡಿ" ಎಂದಳು. "ಪಾಪ, ಅವರು ಇದ್ದದ್ದು ಹೇಳಿದಾರೆ. ಕಲಗಚ್ಚಿಗಿಂತ ಕೆಳಗೆ ಅಂದ್ರೆ ಇನ್ನೇನಿದೆ? ನಾನು ಇನ್ಮೇಲೆ ತರಲ್ಲ."

"ಕ್ಷಮೆ ಕೇಳಬೇಡ ಭಾವ!" ಎಂದು ಡೆಲ್ಬರ್ಟ್ ಕಿವಿಯಲ್ಲಿ ಉಸುರಿದ, ಅಂದರೆ ಇಡೀ ಬಯಲಿಗೆ ಕೇಳಿಸಿತು. "ಊರಲ್ಲಿ ನಿನ್ನ ಮೂರ್ತಿ ನಿಲ್ಲಿಸ್ತಾರೆ!"

ಲೋವೆಲ್ ಐನೆಜ್‌ಳನ್ನು ನೋಡಿದ. ಆ ಮುಖ ಆತನಿಗೆ ಗೊತ್ತಿತ್ತು. ಶಾಲೆಯ ಅಡುಗೆಮನೆಗೆ ಬೀಗ ಬಿದ್ದ ದಿನ ನೆಟ್ಟಿ ಇದೇ ಮುಖ ಹೊತ್ತು ಮನೆಗೆ ಬಂದಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಮೂರ್ತಿ. ಬಾಯಿ ತೆರೆದರೆ ನೆಟ್ಟಿಯೆದುರು ಎರಡು ವರ್ಷದ ಊಟವೆಲ್ಲ ಮಣ್ಣುಪಾಲು. ಲೋವೆಲ್ ಟಟ್ಲ್ ತನ್ನ ಆಯುಷ್ಯದಲ್ಲಿ ಎಂದೂ ಅಷ್ಟು ಬೇಗ ನಿರ್ಧಾರ ಮಾಡಿರಲಿಲ್ಲ.

"ಅಮ್ಮಾ, ನನಗೆ ರುಚಿ ಗೊತ್ತಾಗಲ್ಲ" ಎಂದ. "ವಾಸನೇನೂ ಇಲ್ಲ. ಎರಡು ವರ್ಷ ಆಯ್ತು. ನಿಮ್ಮ ಚಿಲಿ, ಅವನ ಚಿಲಿ, ಕಲಗಚ್ಚು, ನನಗೆಲ್ಲ ಬರೀ ಬಿಸಿ ಅಥವಾ ತಣ್ಣಗೆ. ನಿಂಬೆ ಅಂದಿದ್ದು ಬಾಯಿಗೆ ಬಂದದ್ದು. ನಾನು ಸುಳ್ಳುಗಾರ ಅಮ್ಮಾ, ಪಾತ್ರೆ ಕಟ್ಟಬೇಡಿ."

"ಇದೊಂದು ಹೊಸ ಆಟ!" ಎಂದ ರಾಯ್ಸ್.

"ಆಟ ಅಲ್ಲ" ಎಂದಳು ನೆಟ್ಟಿ. ಕಲಗಚ್ಚಿನ ತೀರ್ಪಾದ ಮೇಲೆ ಅವಳಾಡಿದ ಮೊದಲ ಮಾತು. "ಇಂಥ ಚೇಷ್ಟೆ ಮಾಡೋ ಅಷ್ಟು ತಲೆ ಇವನಿಗಿಲ್ಲ. ಅದಕ್ಕೆ ನಾನು ಜಾಮೀನು." ಆಮೇಲೆ ಗಂಡನ ಕಡೆ ತಿರುಗಿದಳು. ನೇರಳೆ ಜನ ಉಸಿರು ಬಿಗಿಹಿಡಿದರು. ಬೇರೆಯವರ ಮನೆಯ ಜಗಳ ಇಷ್ಟು ಹತ್ತಿರದಿಂದ ಪುಕ್ಕಟೆ ಸಿಗುವುದು ಅಪರೂಪ.

"ಹಾಗಾದ್ರೆ ಎರಡು ವರ್ಷ ನನ್ನ ಅಡುಗೆಗೆ ಹೇಳಿದ್ದೆಲ್ಲ?"

"ನೆಟ್ಟಿ..."

"ಮಾರ್ಚಲ್ಲಿ ರೊಟ್ಟಿ ತಳ ಸೀದಿತ್ತು. ಒಂದು ತುತ್ತಿಗೇ ಹೇಳಿದೆ. ಹೇಗೆ ಹೇಳಿದೆ?"

"ತಟ್ಟೆ ಇಡೋವಾಗ ನೀನು ತುಟಿ ಕಚ್ಚಿದ್ದೆ."

"ಈಸ್ಟರ್ ದಿನ ಹಂದಿಮಾಂಸ? ಜೀವನದಲ್ಲೇ ಇಂಥದ್ದು ತಿಂದಿಲ್ಲ ಅಂದೆಯಲ್ಲ?"

"ಅವತ್ತು ನೀನು ಕೂರೋಕೆ ಮುಂಚೆ ಏಪ್ರನ್ ಬಿಚ್ಚಿ ಮೂಲೆಗೆಸೆದೆ. ಚೆನ್ನಾಗಿ ಬಂದಾಗ ಮಾತ್ರ ನೀನು ಏಪ್ರನ್ ಎಸೀತೀಯ. ನೆಟ್ಟಿ, ನಾನು ನಿನ್ನ ಅಡುಗೆ ತಿಂದು ಹೇಳಿದ್ದಲ್ಲ. ನೀನು ಮೊದಲ ತುತ್ತು ತಿನ್ನೋವರೆಗೆ ಕಾಯ್ತಿದ್ದೆ. ನಿನ್ನ ಮುಖ ನೋಡಿ ಹೇಳ್ತಿದ್ದೆ. ಚೆನ್ನಾಗಿಲ್ಲದೇ ಇದ್ದಾಗ ಒಂದು ದಿನಾನೂ ಚೆನ್ನಾಗಿದೆ ಅಂದಿಲ್ಲ."

ನಡುವೆ ಬಂದವಳು ಡೋರಿನ್. ನಲವತ್ತು ವರ್ಷ ಮಕ್ಕಳ ನೆಪಗಳನ್ನು ಕೇಳಿದ್ದವಳು ಯಾವುದನ್ನೂ ಪರೀಕ್ಷೆ ಮಾಡದೆ ನಂಬುವ ಪೈಕಿಯಲ್ಲ.

"ನೋಡೇಬಿಡೋಣ" ಎಂದು ಸೀಟಿ ಊದಿದಳು. "ಎಲ್ಲರೂ ಪಾತ್ರೆ ಇಳಿಸಿ! ಈಯಮ್ಮ ರುಚಿ ನೋಡ್ಲಿ, ಒಂದು ಮಾತೂ ಆಡಬಾರದು. ಇವನು ಮುಖ ನೋಡಿ ಹೇಳ್ಲಿ."

ಮೇಜು ಮತ್ತೆ ಬಂತು. ತಣ್ಣಗಾದ ಚಿಲಿಗಳು ಮತ್ತೆ ಒಲೆಯೇರಿದವು. ನೆಟ್ಟಿ ಮುಖ ಬಿಗಿದುಕೊಂಡು ಒಂದು ಕಡೆ ಕುಳಿತಳು, ಲೋವೆಲ್ ಎದುರಿಗೆ. ಅವಳು ರಾಯ್ಸ್‌ನ ಪಾತ್ರೆಯಿಂದ ಒಂದು ಚಮಚ ತೆಗೆದುಕೊಂಡಳು. ಹುಬ್ಬು ಎಳ್ಳಷ್ಟು ಎದ್ದಿತು.

"ಮಾಂಸ ಚೆನ್ನಾಗಿ ಬೆಂದಿದೆ" ಎಂದ ಲೋವೆಲ್. "ಆದ್ರೆ ಯಾರೋ ಸಕ್ಕರೆ ಹಾಕಿದಾರೆ."

ರಾಯ್ಸ್‌ನ ಮೀಸೆ ಇಳಿಯಿತು. ಆತ ಕದ್ದು ಸಕ್ಕರೆ ಹಾಕುವುದು ಆತನ ಹೆಂಡತಿಗೂ ಗೊತ್ತಿರಲಿಲ್ಲ. "ಸಕ್ಕರೇನಾ!" ಎಂದಳು ಆಕೆ ಹಿಂದಿನಿಂದ. "ನಮ್ಮಮ್ಮನ ಚಿಲಿಗೆ ಸಕ್ಕರೇನಾ!"

ಮುಂದಿನದಕ್ಕೆ ನೆಟ್ಟಿ ಕೆನ್ನೆಯೊಳಗೆ ನಾಲಿಗೆ ಆಡಿಸಿದಳು. "ಬೆಳ್ಳುಳ್ಳಿ ಹಸಿ ಇದೆ" ಎಂದ ಲೋವೆಲ್. ಅಡುಗೆಯವಳು ಒಪ್ಪಿಕೊಂಡು ಶಿಲುಬೆಯ ಗುರುತು ಮಾಡಿದಳು. ಐನೆಜ್‌ಳ ಚಿಲಿಯನ್ನು ಬಾಯಿಗಿಟ್ಟು ನೆಟ್ಟಿ ನಿಧಾನವಾಗಿ ಜಗಿದಳು, ಮತ್ತೆ ಯಾರೂ ಹೇಳದೆ ಎರಡನೆಯ ಚಮಚ ತೆಗೆದುಕೊಂಡಳು.

"ಉಪ್ಪು ಕಮ್ಮಿ" ಎಂದ ಲೋವೆಲ್. "ಆದ್ರೆ ಇದನ್ನ ಮಾಡಿದೋರು ಅವಸರ ಪಟ್ಟಿಲ್ಲ. ಉಪ್ಪೊಂದು ಇದ್ದಿದ್ರೆ ಇವಳು ಪಾತ್ರೇನೇ ಎಳ್ಕೋತಿದ್ಲು."

"ನಮ್ಮನೆಯವರಿಗೆ ರಕ್ತದೊತ್ತಡ ಇತ್ತು" ಎಂದಳು ಐನೆಜ್ ಮೆಲ್ಲಗೆ. "ಉಪ್ಪು ಹಾಕೋದು ಬಿಟ್ಟಿದ್ದೆ. ಅವರು ಹೋದ ಮೇಲೂ ಕೈ ಹೋಗಲೇ ಇಲ್ಲ."

ಕೊನೆಗೆ ಕ್ಲೈಡ್‌ನ ಕಾಳಿನ ಚಿಲಿ ಬಾಯಿಗೆ ಬಿದ್ದಾಗ ನೆಟ್ಟಿ ಏನೂ ಮಾಡಲಿಲ್ಲ. ಕಣ್ಣು ಮಾತ್ರ ಒಂದು ಕ್ಷಣ ದೂರ ಎಲ್ಲೋ ಹೋಗಿ ಬಂತು. "ಗೆದ್ದದ್ದು ಇದು" ಎಂದ ಲೋವೆಲ್. "ಎರಡನೇದು ಬೆಳ್ಳುಳ್ಳಿಯಮ್ಮ. ಮೂರನೇದು ಐನೆಜ್ ಅಮ್ಮ."

ನೆಟ್ಟಿ ಚಮಚ ಕೆಳಗಿಟ್ಟಳು. "ನಾನಾಗಿದ್ರೂ ಇದನ್ನೇ ಹೇಳ್ತಿದ್ದೆ" ಎಂದಳು. "ಒಂದೂ ತಪ್ಪಿಲ್ಲ. ಇದೇ ಕ್ರಮ."

ಕಾಳಿನವರು ಗೆದ್ದರೆಂದು ತಿಳಿದದ್ದೇ ಬಯಲು ಎರಡಾಯಿತು. ಲೋವೆಲ್‌ನನ್ನು ಎಲ್ಲರೂ ಮರೆತರು. ರಾಯ್ಸ್ ಕ್ಲೈಡ್‌ನ ಕಾಲರು ಹಿಡಿದು, "ಕಾಳು ಹಾಕಿದ್ರೆ ಅದು ಚಿಲಿ ಅಲ್ಲ ಕಣೋ, ಕುದುರೆ ಮೇವು!" ಎನ್ನುತ್ತಿದ್ದ. "ನನ್ನ ಗಿರಾಕಿಗಳು ಒಬ್ಬರೂ ಇದುವರೆಗೆ ದೂರು ಹೇಳಿಲ್ಲ" ಎನ್ನುತ್ತಿದ್ದ ಶವಸಂಸ್ಕಾರದ ಕ್ಲೈಡ್. ಐನೆಜ್ ಮಾತ್ರ ಕಾರಿನಿಂದ ಕಾರಿಗೆ ಹೋಗಿ, "ಮೂರನೇದು! ನಂದು ಮೂರನೇದು!" ಎಂದು ಸಿಕ್ಕಸಿಕ್ಕವರ ಕೈ ಹಿಡಿದು ಹೇಳುತ್ತಿದ್ದಳು. ಡೋರಿನ್ ಲೋವೆಲ್, ನೆಟ್ಟಿ ಇಬ್ಬರನ್ನೂ ಮುಂದಿನ ವರ್ಷದ ತೀರ್ಪುಗಾರರೆಂದು ಅಲ್ಲೇ ನೇಮಕ ಮಾಡಿಬಿಟ್ಟಳು. ಹೊರಡುವ ಹೊತ್ತಿಗೆ ರಾಯ್ಸ್ ಜಗಳ ಅರ್ಧಕ್ಕೆ ಬಿಟ್ಟು ಬಂದು ಕಾರಿಗೆ ನಾಲ್ಕು ಡಬ್ಬಿ ತುಂಬಿಸಿ, ನೆಟ್ಟಿಗೆ "ನಿಮಗೆ ಮಾತ್ರ. ಅವನಿಗೆ ನಲ್ಲಿ ನೀರು ಸಾಕು" ಎಂದ. ಆಮೇಲೆ ಹೆದ್ದಾರಿಯವರೆಗೂ ತನ್ನ ಕೆಂಪು ವಾಹನದಲ್ಲಿ ಮುಂದೆ ಹೋಗಿ ದಾರಿ ಬಿಡಿಸಿಕೊಟ್ಟ. ಇಂಥ ಶತ್ರುಗಳನ್ನು ಕೊಟ್ಟ ದೇವರಿಗೆ ಲೋವೆಲ್ ಸ್ಟೀರಿಂಗ್ ಹಿಡಿದೇ ಮನಸಾರೆ ವಂದಿಸಿದ.

ಹಿಂದಿನ ಸೀಟಿನಲ್ಲಿ ಡೆಲ್ಬರ್ಟ್ ಕಳೆದುಹೋದ ಮೂರ್ತಿಯ ದುಃಖದಲ್ಲಿ ಗೊರಕೆ ಹೊಡೆಯುತ್ತಿದ್ದ. ನೆಟ್ಟಿ ಕಿಟಕಿಯ ಕಡೆ ತಿರುಗಿ ಕುಳಿತಿದ್ದಳು. ಬಹಳ ದೂರ ಹೋದ ಮೇಲೆ ಕೇಳಿದಳು, "ನಿಂಗೆ ವಾಸನೆ ಏನೂ ಬರಲ್ವಾ?"

"ಇಲ್ಲ."

"ಚೂರೂ?"

"ಚೂರೂ ಇಲ್ಲ. ಹೇಳಬೇಕಿತ್ತು ನೆಟ್ಟಿ."

"ಹೇಳಬೇಕಿತ್ತು" ಎಂದಳು. ಇನ್ನಷ್ಟು ದೂರ ಹೋದಮೇಲೆ, "ಹಾಗಾದ್ರೆ ಗುರುವಾರ ಮೀನು ಮಾಡ್ತೀನಿ."

ಮದುವೆಯ ಮೊದಲ ವಾರದಲ್ಲೇ ಮೀನಿನ ವಾಸನೆಗೆ ಲೋವೆಲ್ ಮನೆ ಬಿಟ್ಟು ಓಡಿ ಅಂಗಳದಲ್ಲಿ ಮಲಗಿದ್ದನಂತೆ. ಅವತ್ತಿನಿಂದ ಆ ಮನೆಯಲ್ಲಿ ಮೀನಿಲ್ಲ. ಮೀನೆಂದರೆ ಪ್ರಾಣ ಬಿಡುವ ನೆಟ್ಟಿ, ಅದರ ಸುದ್ದಿಯನ್ನು ಒಮ್ಮೆಯೂ ಎತ್ತಿರಲಿಲ್ಲ.

ಗುರುವಾರ ಮನೆ ತುಂಬ ಮೀನು ಹುರಿಯುವ ಹೊಗೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು, ಲೋವೆಲ್ ಆರಾಮವಾಗಿ ಪೇಪರು ಓದಿದ. ನೆಟ್ಟಿ ತಟ್ಟೆ ತಂದಿಟ್ಟಳು, ಎದುರಿಗೆ ಕುಳಿತಳು, ಮೊದಲ ತುಂಡು ಬಾಯಿಗಿಟ್ಟಳು. ತಕ್ಷಣ ಏಪ್ರನ್ ಎತ್ತಿ ಮುಖ ಪೂರ್ತಿ ಮುಚ್ಚಿಕೊಂಡಳು.

"ಈಗ ಹೇಳು ನೋಡೋಣ" ಎಂದಳು ಬಟ್ಟೆಯ ಒಳಗಿನಿಂದ. "ಹೇಗಿದೆ?"

ಲೋವೆಲ್ ಒಂದು ತುಂಡು ತಿಂದ. ಬಿಸಿಯಾಗಿತ್ತು, ಅಷ್ಟೇ. ಏಪ್ರನ್ನಿನ ಕಡೆ ನೋಡಿದ.

"ತುಂಬಾ ಚೆನ್ನಾಗಿದೆ" ಎಂದ.

"ಸುಳ್ಳುಗಾರ. ಮುಖಾನೇ ಕಾಣಲ್ಲ, ಹೇಗೆ ಗೊತ್ತಾಯ್ತು?"

"ನಿನ್ನ ಭುಜ ನಗ್ತಾ ಇದೆ" ಎಂದ ಲೋವೆಲ್, ಮತ್ತೆ ಇನ್ನೊಂದು ತುಂಡು ಹಾಕಿಸಿಕೊಂಡ.